ಕನ್ನಡದ ಹ್ರಾಸವಾಚಕ ಶಬ್ದಗಳು

ವಸ್ತುವೊಂದರ ಪ್ರಮಾಣ, ಎತ್ತರ, ಬಲ, ಬೆಲೆ, ವೇಗಗಳಲ್ಲಿ ಯಾವುದಾದರೊಂದು ಮೊದಲಿದ್ದುದಕ್ಕಿಂತ ಕಿರಿದಾಗುವುದನ್ನು ತಿಳಿಸುವ ಪದಗಳಿಗೆ ಹ್ರಾಸವಾಚಕಗಳೆಂದು ಹೆಸರು. ಕಡಿಮೆ, ಕಮ್ಮಿ, ಇಳಿಕೆ, ತಗ್ಗು, ಕುಗ್ಗು, ಕುಂದು, ಕೊರತೆ, ಕಡಿತ, ಕುಸಿತ, ಕ್ಷಯ, ಹ್ರಾಸ, ನ್ಯೂನತೆ, ಉಪಶಮನ ಮೊದಲಾದವು ಈ ವರ್ಗಕ್ಕೆ ಸೇರಿದವು. ಇಂಗ್ಲಿಷಿನ ‘ರೆಡ್ಯೂಸ್’ ಎಂಬ ಒಂದೇ ಕ್ರಿಯಾಪದವು ಬೆಲೆಗೂ ಬಾವಿಯ ನೀರಿಗೂ ಜ್ವರಕ್ಕೂ ಸಮಾನವಾಗಿ ಸಲ್ಲುವುದಾದರೆ, ಕನ್ನಡವು ಬೆಲೆಯನ್ನು ಇಳಿಸಿ, ಬಾವಿಯನ್ನು ಬತ್ತಿಸಿ, ಜ್ವರವನ್ನು ಬಿಡಿಸಿ, ಒಂದೊಂದು ಸಂದರ್ಭಕ್ಕೆ ಒಂದೊಂದು ಧಾತುವನ್ನು ನಿಯೋಜಿಸಿಕೊಂಡಿದೆ. ಈ ವೈವಿಧ್ಯವು ಪರ್ಯಾಯಪದಗಳ ಬರಿಯ ಸಮೃದ್ಧಿಯಲ್ಲ. ಕಡಿಮೆಯಾದುದು ಯಾವ ಬಗೆಯಿಂದ, ಯಾವ ಕಾರಣದಿಂದ, ಮತ್ತು ಮರಳಿ ತುಂಬಿಕೊಳ್ಳುವ ಸಂಭವ ಉಂಟೋ ಇಲ್ಲವೋ ಎಂಬುದನ್ನು ಈ ಧಾತುಗಳು ತಮ್ಮೊಳಗೆ ಅಡಗಿಸಿಕೊಂಡಿರುವುದೇ ಅವುಗಳ ಮುಖ್ಯ ಲಕ್ಷಣವಾಗಿದೆ.

ಮಲೆನಾಡಿನ ಸಾಗರ ತಾಲ್ಲೂಕಿನ ವರದಹಳ್ಳಿಯ ಆಸುಪಾಸಿನ ಸೀಮೆಯೂ, ಅದರ ಸಮೀಪದ ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳೂ ಮಳೆ, ನದಿ, ತೋಟ, ಮಠ, ಬಸದಿಗಳ ನಾಡಾದುದರಿಂದ ಈ ಶಬ್ದಗಳ ಜೀವಂತ ಪ್ರಯೋಗವನ್ನು ಪರಿಶೀಲಿಸಲು ವಿಶೇಷವಾಗಿ ಅನುಕೂಲವಾದ ಪ್ರದೇಶವೆನಿಸಿದೆ. ಪ್ರಸ್ತುತ ಲೇಖನದಲ್ಲಿ ಹೆಚ್ಚಿನ ಉದಾಹರಣೆಗಳನ್ನು ಆ ಸೀಮೆಯಿಂದಲೇ ಆಯ್ದುಕೊಳ್ಳಲಾಗಿದೆ.

ದೇಶ್ಯ ಧಾತುಗಳು

ಅಚ್ಚಕನ್ನಡದ ಹ್ರಾಸವಾಚಕಗಳನ್ನು ಅವುಗಳ ಮೂಲಾರ್ಥಕ್ಕನುಗುಣವಾಗಿ ಕೆಲವು ಗುಂಪುಗಳಲ್ಲಿ ವಿಂಗಡಿಸಬಹುದು.

ಮೊದಲನೆಯದು ಎತ್ತರದಿಂದ ಕೆಳಕ್ಕೆ ಬರುವ ಕ್ರಿಯೆಯನ್ನು ಆಶ್ರಯಿಸಿದ ಗುಂಪು. ‘ಇಳಿ’ ಇದರ ಪ್ರಧಾನ ಧಾತು. ಹಳಗನ್ನಡದಲ್ಲಿ ಇದು ‘ಇೞಿ’ ಎಂದು ೞಕಾರದಿಂದ ಕೂಡಿತ್ತು. ಆ ಅಕ್ಷರ ಕನ್ನಡದಿಂದ ಮರೆಯಾದ ಮೇಲೂ ತಮಿಳಿನ ‘ಇೞಿ’ ಎಂಬ ರೂಪದಲ್ಲಿ ಹಳೆಯ ಧ್ವನಿ ಉಳಿದು ಬಂದಿದೆ. ಇಳಿಕೆ, ಇಳಿತ, ಇಳಿಜಾರು, ಇಳಿಹೊತ್ತು, ಇಳಿವಯಸ್ಸು, ಏರಿಳಿತ, ಉಬ್ಬರವಿಳಿತ ಮುಂತಾದ ಪದಗಳು ಈ ಧಾತುವಿನ ವ್ಯಾಪ್ತಿಯನ್ನು ತೋರಿಸುತ್ತವೆ. ಏರಿದುದು ಇಳಿಯುತ್ತದೆ, ಇಳಿದುದು ಮತ್ತೆ ಏರಬಹುದು ಎಂಬ ಭಾವನೆ ಇದರಲ್ಲಿ ಸಹಜವಾಗಿ ಸೇರಿಕೊಂಡಿದೆ. ‘ತಗ್ಗು’ ಎಂಬುದು ಕ್ರಿಯಾಪದವೂ ಹೌದು, ತಳಮಟ್ಟದ ನೆಲಕ್ಕೆ ನಾಮಪದವೂ ಹೌದು. ತೆಲುಗಿನಲ್ಲಿಯೂ ಇದೇ ರೂಪ ಇದೇ ಅರ್ಥದಲ್ಲಿ ಬಳಕೆಯಲ್ಲಿದೆ. ‘ಕುಸಿ’ ಎಂಬುದಾದರೋ ಆಧಾರ ತಪ್ಪಿ ಒಮ್ಮೆಲೇ ಕೆಳಗಾಗುವುದನ್ನು ಹೇಳುತ್ತದೆ. ಗುಡ್ಡ ಕುಸಿಯುತ್ತದೆ, ಅಡಿಕೆಯ ಧಾರಣೆ ಕುಸಿಯುತ್ತದೆ. ನೆರೆಯ ನೀರನ್ನು ಕುರಿತು ಮಾತ್ರ ಯಾರೂ ಕುಸಿಯಿತೆನ್ನುವುದಿಲ್ಲ, ಇಳಿಯಿತೆನ್ನುತ್ತಾರೆ.

ಎರಡನೆಯದು ತನ್ನೊಳಗೆ ತಾನು ಸೇರಿಕೊಳ್ಳುವ ಕ್ರಿಯೆಯ ಗುಂಪು. ಕುಗ್ಗು, ಉಡುಗು, ಮುದುಡು ಎಂಬವು ಇಲ್ಲಿಯವು. ಧೈರ್ಯ ಕುಗ್ಗುತ್ತದೆ, ಶಕ್ತಿ ಉಡುಗುತ್ತದೆ, ಎಲೆ ಮುದುಡುತ್ತದೆ. ವಸ್ತು ಇದ್ದಲ್ಲಿಯೇ ಇದ್ದು ಅದರ ಚಾಚು ಮಾತ್ರ ಕಿರಿದಾಗುವುದು ಈ ಗುಂಪಿನ ವಿಶೇಷ.

ಮೂರನೆಯದು ದ್ರವದ ನಷ್ಟಕ್ಕೆ ಸಂಬಂಧಿಸಿದುದು. ‘ಬತ್ತು’ ಎಂಬುದಕ್ಕೆ ತಮಿಳಿನ ‘ವಱ್ಱು’ ಸಜಾತಿ. ತಮಿಳಿನ ಪದಾದಿಯ ವಕಾರಕ್ಕೆ ಕನ್ನಡದಲ್ಲಿ ಬಕಾರ ಬರುವ ಪ್ರಸಿದ್ಧ ನಿಯಮಕ್ಕೆ ಇದೂ ಒಂದು ನಿದರ್ಶನವಾಗಿದೆ. ‘ಇಂಗು’ ಎಂಬುದು ನೆಲದೊಳಕ್ಕೆ ಹೀರಿಕೊಂಡು ಮರೆಯಾಗುವುದು. ತೆಲುಗಿನ ‘ಇಂಕು’ ಇದರ ಜೊತೆಯದು. ಬತ್ತಿದ ನೀರು ಕಣ್ಣಿಗೆ ಇಲ್ಲವಾಗುತ್ತದೆ, ಇಂಗಿದ ನೀರು ನೆಲದಡಿಯಲ್ಲಿ ಉಳಿದಿರುತ್ತದೆ. ಮಳೆನೀರನ್ನು ಇಂಗಿಸಬೇಕೆಂದು ಕೃಷಿಕರು ಹೇಳುವಾಗ ಈ ಸೂಕ್ಷ್ಮಭೇದವೇ ಅವರ ಮಾತಿಗೆ ಆಧಾರ.

ನಾಲ್ಕನೆಯದು ಘರ್ಷಣೆಯಿಂದಲೋ ಬಳಕೆಯಿಂದಲೋ ಉಂಟಾಗುವ ಹ್ರಾಸದ ಗುಂಪು. ತೇಯ್ದ ಗಂಧದ ಕೊರಡು, ಸವೆದ ಹೊಸ್ತಿಲು, ನವೆದ ದೇಹ ಇವು ಮರಳಿ ಮೊದಲಿನಂತಾಗುವುದು ದುರ್ಲಭ. ತಮಿಳರು ‘ತೇಯ್’ ಎಂಬ ಧಾತುವನ್ನು ಚಂದ್ರನ ಕ್ಷೀಣತೆಗೂ ಅನ್ವಯಿಸಿ ಕೃಷ್ಣಪಕ್ಷದ ಚಂದ್ರನನ್ನು ‘ತೇಯ್‌ಪಿಱೈ’ ಎಂದು ಕರೆಯುತ್ತಾರೆ. ಕನ್ನಡವು ಚಂದ್ರನಿಗೆ ತೇಯುವ ಗತಿಯನ್ನು ಹೇಳದೆ, ಕುಂದುವ ಗತಿಯನ್ನು ಹೇಳಿದೆ.

ಐದನೆಯದು ಛೇದನ ಅಥವಾ ನಿವಾರಣೆಯನ್ನು ಹೇಳುವುದು. ‘ಕಡಿ’ ಎಂಬುದರಿಂದ ಬಂದ ‘ಕಡಿತ’ವು ವೇತನಕ್ಕೂ ವಿದ್ಯುತ್ತಿಗೂ ಸಲ್ಲುತ್ತದೆ. ‘ಕಳೆ’ ಎಂದರೆ ತೆಗೆದುಹಾಕು. ಗದ್ದೆಯಲ್ಲಿ ತೆಗೆದುಹಾಕತಕ್ಕ ಗಿಡವೂ ಕಳೆಯೇ, ಶಾಲೆಯ ಮಕ್ಕಳು ಮಾಡುವ ವ್ಯವಕಲನವೂ ಕಳೆಯುವ ಲೆಕ್ಕವೇ. ಕೊಡಬೇಕಾದ ಹಣದಲ್ಲಿ ಬರಬೇಕಾದುದನ್ನು ಹಿಡಿದುಕೊಳ್ಳುವುದಕ್ಕೆ ‘ಮುರಿದುಕೊಳ್ಳು’ ಎಂಬ ಪ್ರಯೋಗವುಂಟು. ಈ ಗುಂಪಿನ ಕ್ರಿಯೆಗಳಿಗೆಲ್ಲ ಕರ್ತೃವೊಬ್ಬನಿರುತ್ತಾನೆ. ತಾನಾಗಿ ಇಳಿದುದಕ್ಕೂ ಒಬ್ಬರು ಕಡಿದುದಕ್ಕೂ ಇರುವ ಭೇದವನ್ನು ಭಾಷೆ ಹೀಗೆ ಸ್ಪಷ್ಟವಾಗಿ ಕಾಯ್ದುಕೊಂಡಿದೆ.

ಆರನೆಯದು ಅಪೂರ್ಣತೆಯನ್ನು ಹೇಳುವುದು. ‘ಕುಂದು’ ಎಂಬುದಕ್ಕೆ ತಮಿಳಿನ ‘ಕುನ್ಱು’, ‘ಕೊರತೆ’ಯ ಮೂಲವಾದ ‘ಕೊಱೆ’ಗೆ ತಮಿಳಿನ ‘ಕುಱೈ’ ಸಮಾನರೂಪಗಳು. ಕಡಿಮೆಯಾಗುವಿಕೆ ಎಂಬ ಅರ್ಥದಿಂದ ದೋಷ ಎಂಬ ಅರ್ಥಕ್ಕೆ ‘ಕುಂದು’ ಸಾಗಿಬಂದಿದೆ. ಎರಡೂ ಸೇರಿದ ‘ಕುಂದುಕೊರತೆ’ ಎಂಬ ಜೋಡುನುಡಿ ಇಂದು ಜನರು ಸರಕಾರದ ಮುಂದೆ ಇಡುವ ಅಹವಾಲುಗಳಿಗೆ ಹೆಸರಾಗಿದೆ. ‘ಕಡಿಮೆ’, ‘ಕಡಮೆ’ ಎಂಬ ರೂಪಗಳು ಒಲುಮೆ, ಹಿರಿಮೆಗಳಂತೆ ಮೆಕಾರಾಂತವಾದ ಭಾವನಾಮಗಳಾಗಿ ತೋರುತ್ತವೆ. ತೆಲುಗಿನ ‘ಕಡಮ’ ಎಂಬುದಕ್ಕೆ ಮಿಕ್ಕ ಭಾಗ ಎಂದರ್ಥ. ಒಂದೇ ಮೊತ್ತವನ್ನು ಇಲ್ಲದುದರ ಕಡೆಯಿಂದ ನೋಡಿದರೆ ಕಡಿಮೆ, ಇದ್ದುದರ ಕಡೆಯಿಂದ ನೋಡಿದರೆ ಮಿಗತೆ ಎಂಬುದನ್ನು ನೆರೆಹೊರೆಯ ಈ ಎರಡು ಭಾಷೆಗಳು ಹಂಚಿಕೊಂಡಂತಿದೆ.

ಸಂಸ್ಕೃತಜನ್ಯ ಪದಗಳು

ಶಾಸ್ತ್ರಗ್ರಂಥಗಳ ದ್ವಾರದಿಂದ ಕನ್ನಡಕ್ಕೆ ಬಂದ ಸಂಸ್ಕೃತ ಪದಗಳು ಮುಖ್ಯವಾಗಿ ಕೆಲವೇ ಧಾತುಗಳಿಂದ ಹುಟ್ಟಿದವು. ‘ಹ್ರಸ್’ ಎಂಬ ಧಾತುವಿನಿಂದ ಹ್ರಾಸವೂ ಹ್ರಸ್ವವೂ, ‘ಕ್ಷಿ’ ಎಂಬುದರಿಂದ ಕ್ಷಯ ಮತ್ತು ಕ್ಷೀಣಗಳೂ, ‘ಹಾ’ ಎಂಬುದರಿಂದ ಹಾನಿ ಮತ್ತು ಹೀನಗಳೂ, ‘ಶಮ್’ ಎಂಬುದರಿಂದ ಶಮನ ಮತ್ತು ಉಪಶಮನಗಳೂ, ‘ಲುಪ್’ ಎಂಬುದರಿಂದ ಲೋಪವೂ ನಿಷ್ಪನ್ನವಾಗಿವೆ. ಕೊನೆಯದನ್ನು ಪಾಣಿನಿಯು ಕಾಣದಿರುವಿಕೆ ಎಂಬ ಅರ್ಥದಲ್ಲಿ ಪಾರಿಭಾಷಿಕವನ್ನಾಗಿ ಮಾಡಿದನು. 13ನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದ ಮೂಲಕ ಲೋಪಸಂಧಿಯು ಕನ್ನಡ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾಯಿತು. ‘ಊನ’ ಎಂಬ ಪದವು ಸಂಖ್ಯೆಗಳಲ್ಲಿಯೂ ಬರುತ್ತದೆ. ಹತ್ತೊಂಬತ್ತಕ್ಕೆ ‘ಏಕೋನವಿಂಶತಿ’, ಎಂದರೆ ಒಂದು ಕಡಿಮೆಯಾದ ಇಪ್ಪತ್ತು, ಎಂದು ಹೇಳುವ ಕ್ರಮವು ಪರಿಪೂರ್ಣ ಸಂಖ್ಯೆಯನ್ನು ಮೊದಲು ಭಾವಿಸಿ ಅನಂತರ ಅದರಲ್ಲಿ ನ್ಯೂನತೆಯನ್ನು ಎಣಿಸುವ ದೃಷ್ಟಿಗೆ ಸಾಕ್ಷಿಯಾಗಿದೆ.

ಅರಬ್ಬಿ–ಫಾರಸಿ ಮೂಲದವು

ಬಿಜಾಪುರದ ಆದಿಲ್‌ಶಾಹಿ, ಮರಾಠರು, ಮತ್ತು 1763ರಲ್ಲಿ ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರನ್ನು ವಶಪಡಿಸಿಕೊಂಡ ಹೈದರ್ ಅಲಿ, ಈ ಆಡಳಿತಗಳ ಲೆಕ್ಕಪತ್ರಗಳಿಂದ ಮತ್ತೊಂದು ಪದಶ್ರೇಣಿ ಕನ್ನಡದಲ್ಲಿ ನೆಲೆಯೂರಿತು. ಫಾರಸಿಯ ‘ಕಮ್’, ‘ಕಮೀ’ ಎಂಬವುಗಳಿಂದ ಬಂದ ‘ಕಮ್ಮಿ’ ಎಂಬುದು ಇಂದು ಗ್ರಂಥಭಾಷೆಯ ‘ಕಡಿಮೆ’ಗಿಂತ ಆಡುಮಾತಿನಲ್ಲಿ ಹೆಚ್ಚು ಪ್ರಚುರವಾಗಿದೆ, ‘ಮಳೆ ಕಮ್ಮಿ ಆತು’ ಎಂದು ಸಾಗರದ ಹವ್ಯಕರ ಮನೆಗಳಲ್ಲಿ ಹೇಳುವಾಗ ಆ ಪದದ ದೂರದ ಹುಟ್ಟು ಯಾರ ಗಮನಕ್ಕೂ ಬಾರದು. ‘ವಜಾ’ ಎಂಬುದು ಮೊದಲು ಲೆಕ್ಕದಲ್ಲಿ ಕಳೆಯುವುದನ್ನು ಸೂಚಿಸುತ್ತಿದ್ದು, ಅನಂತರ ನೌಕರಿಯಿಂದ ತೆಗೆಯುವುದಕ್ಕೂ ನ್ಯಾಯಾಲಯದಲ್ಲಿ ಅರ್ಜಿಯನ್ನು ತಳ್ಳಿಹಾಕುವುದಕ್ಕೂ ವಿಸ್ತರಿಸಿತು. ಕಂದಾಯದ ಮಾಫಿ, ಬೆಲೆಯ ರಿಯಾಯಿತಿ ಎಂಬವು ಅರಬ್ಬಿಯಿಂದ ಬಂದವು. ‘ಕಮ್ಮಿ’ಯೊಂದನ್ನು ಬಿಟ್ಟರೆ ಇವೆಲ್ಲವೂ ಅಧಿಕಾರವುಳ್ಳವರು ಅನುಗ್ರಹದಿಂದಲೋ ಆಜ್ಞೆಯಿಂದಲೋ ಮಾಡುವ ಇಳಿಕೆಯನ್ನು ಹೇಳುತ್ತವೆಯೇ ಹೊರತು ಪ್ರಕೃತಿಯಲ್ಲಿ ಆಗುವ ಇಳಿಕೆಯನ್ನಲ್ಲ ಎಂಬುದು ಗಮನಾರ್ಹ.

ಇಂಗ್ಲಿಷ್ ಶಬ್ದಗಳೊಡನೆ ತುಲನೆ

‘ರೆಡ್ಯೂಸ್’ ಎಂಬುದು ‘ಹಿಂದಕ್ಕೆ’ ಮತ್ತು ‘ಕರೆದೊಯ್ಯು’ ಎಂಬರ್ಥದ ಲ್ಯಾಟಿನ್ ಘಟಕಗಳಿಂದಾದುದು. 14ನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿಗೆ ಬಂದಾಗ ಅದರ ಅರ್ಥ ಮೊದಲಿನ ಸ್ಥಿತಿಗೆ ಮರಳಿಸು ಎಂಬುದಾಗಿತ್ತು. ಮರಳಿಸು ಎಂಬಲ್ಲಿಂದ ವಶಕ್ಕೆ ತರು, ಅಲ್ಲಿಂದ ಕೆಳದರ್ಜೆಗೆ ಇಳಿಸು, ಕಟ್ಟಕಡೆಗೆ ಪ್ರಮಾಣವನ್ನು ಕಡಿಮೆಮಾಡು, ಎಂಬುದಾಗಿ ಅರ್ಥವು ಕ್ರಮೇಣ ಚಲಿಸಿತು. ಸರಿದ ಮೂಳೆಯನ್ನು ಸ್ವಸ್ಥಾನಕ್ಕೆ ಕೂಡಿಸುವುದಕ್ಕೆ ಶಸ್ತ್ರವೈದ್ಯರು ಇಂದಿಗೂ ಇದೇ ಪದವನ್ನು ಬಳಸುವುದರಲ್ಲಿ ಮೂಲಾರ್ಥ ಉಳಿದುಕೊಂಡಿದೆ. ಕನ್ನಡದಲ್ಲಿ ಹಿಂದೆ ಸರಿಯುವ ಅರ್ಥದ ‘ಹಿಂಗು’ (ಹಳಗನ್ನಡದ ‘ಪಿಂಗು’) ಎಂಬ ಧಾತುವು ಇದಕ್ಕೆ ಸಮೀಪವಾದುದಾದರೂ, ಅದು ಹಸಿವು, ದಾಹ, ತಾಪಗಳು ತಾವಾಗಿ ಹಿಮ್ಮೆಟ್ಟುವುದನ್ನು ಹೇಳುತ್ತದೆ. ‘ಡಿಕ್ರೀಸ್’ ಎಂದರೆ ಬೆಳವಣಿಗೆಗೆ ವಿರುದ್ಧವಾದ ಗತಿ; ‘ಅಬೇಟ್’ ಎಂಬುದು ಫ್ರೆಂಚಿನ ಹೊಡೆದುರುಳಿಸು ಎಂಬರ್ಥದ ಪದದಿಂದ ಬಂದುದು. ಚಂದ್ರನ ಕ್ಷೀಣತೆಯನ್ನು ಹೇಳುವ ‘ವೇನ್’ ಎಂಬುದಾದರೋ ಪ್ರಾಚೀನ ಇಂಗ್ಲಿಷಿನ ಪದವಾಗಿದ್ದು, ಸಂಸ್ಕೃತದ ‘ಊನ’ದೊಡನೆ ಏಕಮೂಲದ್ದೆಂದು ಭಾಷಾವಿಜ್ಞಾನಿಗಳು ನಿರ್ಣಯಿಸಿದ್ದಾರೆ.

ವರದಹಳ್ಳಿಯ ಸೀಮೆಯಲ್ಲಿ ಪ್ರಯೋಗ

ಮಳೆ ಈ ಸೀಮೆಯ ಬದುಕಿಗೆ ಅಳತೆಗೋಲು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 7,600 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ಆರಿದ್ರೆ, ಪುನರ್ವಸು, ಪುಷ್ಯ ಮಳೆಗಳ ಕಾಲದಲ್ಲಿ ನಡುನಡುವೆ ಮೋಡ ತೆರವಾಗಿ ಬಿಡುವು ಸಿಕ್ಕುವುದಕ್ಕೆ ‘ಹೊಳವು’ ಎಂದು ಮಲೆನಾಡಿನ ಹೆಸರು. ಹೊಳವಾಯಿತೆಂದರೆ ಮಳೆಗಾಲ ಮುಗಿಯಿತೆಂದಲ್ಲ. ಸೊಪ್ಪು ತರುವುದಕ್ಕೋ ತೋಟಕ್ಕೆ ಹೋಗಿಬರುವುದಕ್ಕೋ ಸ್ವಲ್ಪ ಎಡೆ ದೊರೆಯಿತೆಂದು. ಹಸ್ತ, ಚಿತ್ತೆ, ಸ್ವಾತಿಗಳ ಹೊತ್ತಿಗೆ ಮಳೆಯ ಬಲವೇ ಉಡುಗುತ್ತ ಬರುತ್ತದೆ. ತಾತ್ಕಾಲಿಕವಾದ ಹ್ರಾಸಕ್ಕೂ ಋತುಧರ್ಮದ ಹ್ರಾಸಕ್ಕೂ ಬೇರೆ ಬೇರೆ ಮಾತುಗಳನ್ನು ಇರಿಸಿಕೊಂಡಿರುವ ಈ ಭಾಷೆ, ಆಕಾಶವನ್ನು ದಿನವೂ ನೋಡಿ ಕೆಲಸ ಮಾಡುವವರ ಅವಶ್ಯಕತೆಯಿಂದ ರೂಪುಗೊಂಡುದಾಗಿದೆ.

ನೀರಿನ ಇಳಿತವು ಈ ನಾಡಿನಲ್ಲಿ ಐತಿಹಾಸಿಕವಾದ ಇನ್ನೊಂದು ಅರ್ಥವನ್ನು ಪಡೆದುಕೊಂಡಿದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಗೆ ಮೊದಲು ಹಿರೇಭಾಸ್ಕರದಲ್ಲಿಯೂ, ಅನಂತರ ಲಿಂಗನಮಕ್ಕಿಯಲ್ಲಿಯೂ ಅಣೆಕಟ್ಟು ಕಟ್ಟಲಾಯಿತು. 1964ರಲ್ಲಿ ಸಿದ್ಧವಾದ ಎರಡನೆಯದರ ಹಿನ್ನೀರಿನಲ್ಲಿ ಮೊದಲನೆಯದೇ ಮುಳುಗಿತು. ಲಿಂಗನಮಕ್ಕಿಯ ಪೂರ್ಣಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಬೇಸಗೆಯಲ್ಲಿ ನೀರು ಬಹಳವಾಗಿ ಇಳಿದಾಗ ಹಿರೇಭಾಸ್ಕರದ ಕಟ್ಟಡ ಮತ್ತೆ ಕಾಣಿಸಿಕೊಳ್ಳುತ್ತದೆ. ಲಿಂಗನಮಕ್ಕಿಯ ಅಣೆಕಟ್ಟಿನಿಂದಾಗಿ 253 ಮೀಟರ್ ಎತ್ತರದಿಂದ ಬೀಳುವ ಜೋಗದ ಜಲಪಾತವು ವರ್ಷದ ಬಹುಭಾಗ ಸೊರಗಿರುತ್ತದೆ. ಇಲ್ಲಿ ಇಳಿ, ಸೊರಗು ಎಂಬ ಎರಡು ಕ್ರಿಯೆಗಳು ಒಂದೇ ನದಿಗೆ ಅನ್ವಯಿಸಿದರೂ ಅರ್ಥದಲ್ಲಿ ಬೇರೆಯಾಗಿವೆ. ಜಲಾಶಯದ ಇಳಿತವು ಮುಂದಿನ ಮಳೆಯಿಂದ ತುಂಬಿಕೊಳ್ಳತಕ್ಕುದು. ಜಲಪಾತದ ಸೊರಗುವಿಕೆ ಮನುಷ್ಯರು ವಿದ್ಯುತ್ತಿನ ಬೆಳಕಿಗಾಗಿ ಬೇಕೆಂದೇ ಒಪ್ಪಿಕೊಂಡುದು. ಹಿನ್ನೀರಿನಡಿ ಹೋದ ಊರುಗಳಿಗಾದ ನಷ್ಟವನ್ನು ಹೇಳುವುದಕ್ಕೆ ಈ ಎರಡು ಪದಗಳೂ ಸಾಲದೆ, ಜನರು ‘ಮುಳುಗಡೆ’ ಎಂಬ ಪದವನ್ನೇ ಹಿಡಿದುಕೊಂಡಿದ್ದಾರೆ.

ಎಲ್ಲ ಹ್ರಾಸವೂ ನಷ್ಟವಲ್ಲವೆಂಬುದಕ್ಕೆ ಇಲ್ಲಿಯ ಕೃಷಿಯೂ ಕುಶಲಕಲೆಯೂ ಪ್ರಮಾಣ. ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕುದಿಸಿ ಬತ್ತಿಸಿದಾಗ ಜೋನಿಬೆಲ್ಲ ಹದಕ್ಕೆ ಬರುತ್ತದೆ. ಇಲ್ಲಿ ಪ್ರಮಾಣ ಕುಗ್ಗುವುದೇ ರುಚಿ ಕೂಡುವುದಕ್ಕೆ ಕಾರಣ. ಹಸಿ ಅಡಿಕೆಯನ್ನು ಸುಲಿದು ಬೇಯಿಸುವ ನೀರು ಮತ್ತೆ ಮತ್ತೆ ಕುದಿದು ಗಟ್ಟಿಯಾಗಿ ‘ಚೊಗರು’ ಆಗುತ್ತದೆ, ಅದು ಅಡಿಕೆಗೆ ಬಣ್ಣ ಕೊಡುತ್ತದೆ. ಬೇಯಿಸಿದ ಅಡಿಕೆ ಬಿಸಿಲಿನಲ್ಲಿ ಒಣಗಿ ತೂಕ ಇಳಿದ ಮೇಲೆಯೇ ಹಸ, ಬೆಟ್ಟೆ, ರಾಶಿ ಎಂದು ವಿಂಗಡವಾಗಿ ಮಾರುಕಟ್ಟೆಗೆ ಯೋಗ್ಯವಾಗುತ್ತದೆ. ಸಾಗರದ ಗುಡಿಗಾರರು ಶ್ರೀಗಂಧದ ಕೊರಡನ್ನು ಕೆತ್ತಿ, ಕೊರೆದು, ಹೆರೆದು ವಿಗ್ರಹವನ್ನು ಮಾಡುತ್ತಾರೆ. ಅವರ ಕಲೆಯೆಲ್ಲವೂ ಬೇಡವಾದುದನ್ನು ಬಲ್ಲ ಕೈಯಿಂದ ತೆಗೆಯುವುದರಲ್ಲಿದೆ. ಆ ತೆಗೆಯುವಿಕೆಗೆ ಅವರ ಮಾತಿನಲ್ಲಿ ಕಡಿಮೆಮಾಡುವುದೆಂಬ ಹೆಸರಿಲ್ಲ.

ಶಾಸ್ತ್ರಗಳಲ್ಲಿ

ಪಂಚಾಂಗದಲ್ಲಿ ‘ಕ್ಷಯ’ ಎಂಬುದು ಖಚಿತವಾದ ಪಾರಿಭಾಷಿಕ ಪದ. ಮೂವತ್ತು ತಿಥಿಗಳು ಸುಮಾರು 29.53 ದಿನಗಳಲ್ಲಿ ಮುಗಿಯುವುದರಿಂದ ಕೆಲವೊಮ್ಮೆ ಒಂದು ತಿಥಿಯು ಒಂದು ಸೂರ್ಯೋದಯದ ಅನಂತರ ತೊಡಗಿ ಮರುದಿನದ ಸೂರ್ಯೋದಯಕ್ಕೆ ಮುಂಚೆಯೇ ತೀರಿಬಿಡುತ್ತದೆ, ಅದು ಕ್ಷಯತಿಥಿ. ಒಂದು ಚಾಂದ್ರಮಾಸದೊಳಗೆ ಎರಡು ಸಂಕ್ರಮಣಗಳು ಬಂದರೆ ಕ್ಷಯಮಾಸ. ಇದು ಅತಿ ವಿರಳ; 1963–64ರಲ್ಲಿಯೂ 1982–83ರಲ್ಲಿಯೂ ಬಂದಿತ್ತು. ಅರವತ್ತು ಸಂವತ್ಸರಗಳಲ್ಲಿ ಕೊನೆಯದಕ್ಕೆ ‘ಕ್ಷಯ’ ಎಂದೂ ‘ಅಕ್ಷಯ’ ಎಂದೂ ಎರಡು ಹೆಸರುಗಳು ರೂಢಿಯಲ್ಲಿವೆ.

ಗಣಿತದಲ್ಲಿ ಭಿನ್ನರಾಶಿಯ ಅಂಶ-ಛೇದಗಳನ್ನು ಸಮಾನ ಅಪವರ್ತನದಿಂದ ಭಾಗಿಸಿ ಸರಳರೂಪಕ್ಕೆ ತರುವುದುಂಟು. ಆಗ ಸಂಖ್ಯೆಗಳು ಕಿರಿದಾದರೂ ಭಿನ್ನರಾಶಿಯ ಬೆಲೆಯಲ್ಲಿ ಯಾವ ವ್ಯತ್ಯಾಸವೂ ಆಗುವುದಿಲ್ಲ. ಆಯುರ್ವೇದದಲ್ಲಿ ಕಷಾಯವನ್ನು ನಾಲ್ಕರಲ್ಲೊಂದು ಅಥವಾ ಎಂಟರಲ್ಲೊಂದು ಭಾಗಕ್ಕೆ ಇಳಿಸುವ ವಿಧಿಯಿದೆ. ಚರಕಸಂಹಿತೆಯು ದೇಹವನ್ನು ಹಗುರಗೊಳಿಸುವ ‘ಲಂಘನ’ವನ್ನು ಪುಷ್ಟಿಗೊಳಿಸುವ ‘ಬೃಂಹಣ’ಕ್ಕೆ ಪ್ರತಿಯಾಗಿ ಇಟ್ಟು ಎರಡನ್ನೂ ಚಿಕಿತ್ಸೆಯೆಂದೇ ಪರಿಗಣಿಸಿದೆ. ರಸಾಯನಶಾಸ್ತ್ರದಲ್ಲಿ ಅದಿರಿನಿಂದ ಆಮ್ಲಜನಕವನ್ನು ತೆಗೆದು ಲೋಹವನ್ನು ಪಡೆಯುವ ಕ್ರಿಯೆಗೆ ಕನ್ನಡ ಪಠ್ಯಗಳು ‘ಅಪಕರ್ಷಣ’ವೆಂಬ ಪದವನ್ನು ಇಟ್ಟುಕೊಂಡಿವೆ. ಇಂಗ್ಲಿಷಿನಲ್ಲಿ ಈ ಕ್ರಿಯೆಗೆ ‘ರಿಡಕ್ಷನ್’ ಎಂಬ ಹೆಸರು ಬಂದುದು, ಅದಿರು ಲೋಹಸ್ಥಿತಿಗೆ ಮರಳುತ್ತದೆಂಬ ಮೂಲಾರ್ಥಕ್ಕೆ ಅನುಗುಣವಾಗಿಯೇ ಇದೆ.

ಧರ್ಮ ಮತ್ತು ಸಾಧನೆಯಲ್ಲಿ

ಹೊಸನಗರ ತಾಲ್ಲೂಕಿನ ಹೊಂಬುಜ (ಹುಂಚ) ಸಾಂತರ ಅರಸರ ಕಾಲದಿಂದ ಪ್ರಸಿದ್ಧವಾದ ಜೈನಕ್ಷೇತ್ರ. ಅಲ್ಲಿಯ ಪಂಚಕೂಟ ಬಸದಿ 1077ರದು. ಜೈನದರ್ಶನದಲ್ಲಿ ಹ್ರಾಸದ ವಿವೇಚನೆ ಅತ್ಯಂತ ಸೂಕ್ಷ್ಮವಾಗಿ ನಡೆದಿದೆ. ಬಾಹ್ಯತಪಸ್ಸಿನ ಆರು ಭೇದಗಳಲ್ಲಿ ಒಂದಾದ ಅವಮೌದರ್ಯವೆಂದರೆ ಹೊಟ್ಟೆಗೆ ಸಾಲುವುದಕ್ಕಿಂತ ಕಡಿಮೆ ಉಣ್ಣುವುದು. ಸಲ್ಲೇಖನವೆಂದರೆ ದೇಹವನ್ನೂ ಕ್ರೋಧಾದಿ ಮನೋವಿಕಾರಗಳೆಂಬ ಕಷಾಯಗಳನ್ನೂ ಕ್ರಮಕ್ರಮವಾಗಿ ಕೃಶಗೊಳಿಸುವುದು. ಹೊಂಬುಜದ ನಿಷಿಧಿಗಲ್ಲುಗಳು ಅಂತಹ ಅವಸಾನಗಳ ಸ್ಮಾರಕಗಳಾಗಿವೆ. ಆತ್ಮವಿಕಾಸದ ಮೆಟ್ಟಿಲುಗಳಾದ ಹದಿನಾಲ್ಕು ಗುಣಸ್ಥಾನಗಳಲ್ಲಿ ಹನ್ನೊಂದನೆಯದು ಉಪಶಾಂತಮೋಹ, ಹನ್ನೆರಡನೆಯದು ಕ್ಷೀಣಮೋಹ. ಮೋಹವು ಕೇವಲ ತಣಿದು ಕುಳಿತಿರುವ ಜೀವನು ಹನ್ನೊಂದನೆಯ ಮೆಟ್ಟಿಲಿನಿಂದ ಮತ್ತೆ ಕೆಳಗೆ ಬೀಳುತ್ತಾನೆ. ಮೋಹವು ಕ್ಷಯಿಸಿದವನಿಗೆ ಪತನವಿಲ್ಲ. ಉಪಶಮಕ್ಕೂ ಕ್ಷಯಕ್ಕೂ ಇರುವ ಅಂತರವನ್ನು ಇದಕ್ಕಿಂತ ನಿಷ್ಕೃಷ್ಟವಾಗಿ ಹೇಳುವುದು ಕಷ್ಟ.

ವರದಹಳ್ಳಿಯೇ ವೈರಾಗ್ಯದ ಪರಂಪರೆಗೆ ಹೆಸರಾದ ಸ್ಥಳ. ಕಲಬುರಗಿ ಸೀಮೆಯ ಲಾಡಚಿಂಚೋಳಿಯಲ್ಲಿ 1908ರಲ್ಲಿ ಜನಿಸಿ, ಸಜ್ಜನಗಡದಲ್ಲಿ ಸಮರ್ಥ ರಾಮದಾಸರ ಪರಂಪರೆಯನ್ನು ಆಶ್ರಯಿಸಿದ ಶ್ರೀಧರಸ್ವಾಮಿಗಳು ಇಲ್ಲಿ ಆಶ್ರಮವನ್ನು ಸ್ಥಾಪಿಸಿ, ದೀರ್ಘಕಾಲ ಏಕಾಂತದಲ್ಲಿದ್ದು, 1973ರಲ್ಲಿ ಇಲ್ಲಿಯೇ ಸಮಾಧಿಸ್ಥರಾದರು. ಮಾತನ್ನು, ಆಹಾರವನ್ನು, ಸಂಗ್ರಹವನ್ನು ಮಿತಗೊಳಿಸುವ ಈ ಮಾರ್ಗದಲ್ಲಿ ಹ್ರಾಸವು ದಾರಿದ್ರ್ಯವಲ್ಲ, ಸಾಧಕನು ತಾನೇ ವರಿಸಿಕೊಂಡ ಸಂಪತ್ತು.

ಮಂಗಳೋಕ್ತಿ

ಕ್ಷಯಸೂಚಕವಾದ ಮಾತನ್ನು ಮನೆಯೊಳಗೆ ಆಡಬಾರದೆಂಬ ಸಂಕೋಚದಿಂದ ಕನ್ನಡದಲ್ಲಿ ವಿರುದ್ಧಾರ್ಥಕ ಪ್ರಯೋಗಗಳು ಹುಟ್ಟಿವೆ. ದೀಪವನ್ನು ಆರಿಸು ಎನ್ನದೆ ‘ದೊಡ್ಡದು ಮಾಡು’ ಎನ್ನುತ್ತಾರೆ. ಬಳೆ ಒಡೆಯಿತೆನ್ನದೆ ‘ಹೆಚ್ಚಿತು’ ಎನ್ನುತ್ತಾರೆ. ಮರಾಠಿಯಲ್ಲಿಯೂ ಬಳೆಯ ವಿಷಯದಲ್ಲಿ ಇದೇ ಬಗೆಯ ಮಾತುಂಟು. ಕಡಿಮೆಯಾದುದು ಮತ್ತೆ ಬೆಳೆಯಲಿ ಎಂಬ ಹಾರೈಕೆಯೇ ಇಂತಹ ನುಡಿಗಳ ಜೀವಾಳ.

ನಿಘಂಟುಗಳು ಮತ್ತು ಇಂದಿನ ಸ್ಥಿತಿ

ಈ ಪದಗಳ ಸಂಗ್ರಹಕಾರ್ಯ 19ನೆಯ ಶತಮಾನದಲ್ಲಿ ವ್ಯವಸ್ಥಿತವಾಗಿ ಮೊದಲಾಯಿತು. ವಿಲಿಯಂ ರೀವನ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿ ಮದರಾಸಿನಲ್ಲಿಯೂ, ಫರ್ಡಿನೆಂಡ್ ಕಿಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿಯೂ ಪ್ರಕಟವಾದವು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿ ಹೊರಬಂದಿತು. ಬರೋ ಮತ್ತು ಎಮಿನೋ ಅವರ ದ್ರಾವಿಡ ನಿಷ್ಪತ್ತಿ ಕೋಶವು 1961ರಲ್ಲಿ ಈ ಧಾತುಗಳನ್ನು ಸೋದರಭಾಷೆಗಳ ರೂಪಗಳೊಡನೆ ಒಂದೆಡೆ ಕೂಡಿಸಿತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು 1970ರಿಂದ 1995ರವರೆಗೆ ಪ್ರಕಟವಾಗಿ, ಶಾಸನ ಮತ್ತು ಕಾವ್ಯಗಳ ಪ್ರಯೋಗಗಳನ್ನು ಕಾಲಾನುಕ್ರಮದಲ್ಲಿ ಒದಗಿಸಿತು.

ಇತ್ತೀಚಿನ ಕಚೇರಿಯ ಕನ್ನಡದಲ್ಲಿಯೂ ಸುದ್ದಿಯ ಕನ್ನಡದಲ್ಲಿಯೂ ‘ಕಡಿಮೆಯಾಗಿದೆ’, ‘ಕಡಿಮೆಗೊಳಿಸಲಾಗಿದೆ’ ಎಂಬ ಎರಡು ರೂಪಗಳೇ ಮಿಕ್ಕೆಲ್ಲವುಗಳ ಸ್ಥಾನವನ್ನು ಆಕ್ರಮಿಸುತ್ತಿರುವುದು ಕಂಡುಬರುತ್ತದೆ. ಇದರಿಂದ ಅರ್ಥಕ್ಕೆ ಉಂಟಾಗುವ ಹಾನಿ ಸಾಮಾನ್ಯವಾದುದಲ್ಲ. ಅಂತರ್ಜಲ ಕಡಿಮೆಯಾಗಿದೆ ಎಂದಾಗ ಅದು ಮಳೆಯಿಂದ ತುಂಬಿಕೊಳ್ಳುವಂತೆ ಇಳಿದಿದೆಯೋ, ಒರತೆಯೇ ಬತ್ತಿದೆಯೋ ತಿಳಿಯುವುದಿಲ್ಲ. ಕೂಲಿ ಕಡಿಮೆಯಾಗಿದೆ ಎಂದಾಗ ಅದು ತಾನಾಗಿ ಕುಸಿಯಿತೋ, ಕೊಡುವವನು ಮುರಿದುಕೊಂಡನೋ ತಿಳಿಯುವುದಿಲ್ಲ. ಕಾರಣವನ್ನೂ ಕರ್ತೃವನ್ನೂ ಹೇಳದ ವಾಕ್ಯವು ಪರಿಹಾರದ ಹೊಣೆಯನ್ನೂ ಯಾರ ಮೇಲೂ ಇಡದು. ಆದುದರಿಂದ ಸಾಗರ, ಹೊಸನಗರ, ತೀರ್ಥಹಳ್ಳಿಗಳಂತಹ ಸೀಮೆಗಳಲ್ಲಿ ಕೃಷಿಕರೂ ಗುಡಿಗಾರರೂ ಗೃಹಿಣಿಯರೂ ಇಂದಿಗೂ ವಿವೇಚನೆಯಿಂದ ಬಳಸುತ್ತಿರುವ ಈ ಪದಗಳನ್ನು ಪ್ರಯೋಗಸಹಿತವಾಗಿ ಸಂಗ್ರಹಿಸುವುದೂ, ಪಾಠಶಾಲೆಯಲ್ಲಿಯೂ ಪತ್ರಿಕೆಯಲ್ಲಿಯೂ ಯಥಾಸ್ಥಾನದಲ್ಲಿ ಪ್ರಯೋಗಿಸುವುದೂ ಕನ್ನಡ ಭಾಷಾಸೇವೆಯ ಅತ್ಯಗತ್ಯವಾದ ಕಾರ್ಯಗಳಲ್ಲಿ ಸೇರಿವೆ.